ಒಂದು ನಂಬರ್ ಕಡಿಮೆ

ಲೋಕನಾಥನ ಎಡಗಣ್ಣು ಹೋದದ್ದು ಮದುವೆಗೆ ಮುಂಚೆ, ಮೈಸೂರಿನಲ್ಲಿ. ಅಷ್ಟು ದಪ್ಪ ಕನ್ನಡಕದವರಿಗೆ ಕಣ್ಣಿನ ಹಿಂಪರದೆ ಹರಿಯುವುದುಂಟು ಎಂದು ಡಾಕ್ಟರರು ಆಮೇಲೆ ತಿಳಿಸಿದರಂತೆ. ಹಾಗಾಗಿ ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಕನ್ನಡಕದಂಗಡಿಯಲ್ಲಿ ಎಂಟು ವರ್ಷದ ಮಗಳು ಸಮೀಕ್ಷಾಳ ನಂಬರ್ ಮತ್ತೆ ಏರಿದೆ ಎಂದಾಗ ಅವನು ವಿಧಿಯೊಡನೆಯೇ ಚೌಕಾಶಿಗಿಳಿದ.

"ಒಂದು ನಂಬರ್ ಕಮ್ಮಿ ಮಾಡಿ ಕೊಡಿ. ಪೂರ್ತಿ ಕೊಟ್ರೆ ಕಣ್ಣು ಸೋಮಾರಿಯಾಗುತ್ತೆ."

ಹಾಗೆ ನಂಬುವವರು ಆಗ ಬೇಕಾದಷ್ಟಿದ್ದರು, ಅಂಗಡಿಯವನೂ ಒಪ್ಪಿ ತಲೆಯಾಡಿಸಿದ. ಹೆಂಡತಿ ಮೈಥಿಲಿ ಮಗಳ ಹಳೆಯ ಕನ್ನಡಕ ಒರೆಸಿದಳು. ಒಕ್ಕಣ್ಣಿನ ಗಂಡನ ಹತ್ತಿರ ಕಣ್ಣಿನ ವಿಷಯ ವಾದಿಸುವುದು ಹೇಗೆ?

ಇಲ್ಲಿಯ ಶಾಲೆಯಲ್ಲಿ ಹೋಂವರ್ಕ್ ಇಲ್ಲ. ನಾಳೆ ಊರಿಗೆ ಮರಳಿದರೆ ಗತಿಯೇನೆಂದು ಲೋಕನಾಥ ಮೈಸೂರಿನಿಂದ ಗಣಿತದ ಪುಸ್ತಕ ತರಿಸಿದ್ದ. ಕಣ್ಣಿಗೆ ಕ್ಯಾರೆಟ್ ರಸ ಕುಡಿಸಿ, ಮಗುವನ್ನು ಇರುವೆಸಾಲಿನಂಥ ಅಕ್ಷರಗಳ ಮುಂದೆ ಕೂರಿಸುತ್ತಿದ್ದ. "ಹೊರಗೆ ಬಿಡಿ," ಎನ್ನುತ್ತಿದ್ದಳು ನೆರೆಮನೆಯ ಆನ್ಯ, "ಮಳೆಗೆ ಕರಗೋಕೆ ಅವಳೇನು ಸಕ್ಕರೆಯಾ?"

ವರ್ಷ ಕಳೆಯಿತು. ನಂಬರ್ ಏರಿಯೇ ಇತ್ತು.

"ಪೂರ್ತಿ ಕೊಟ್ಟಿದ್ರೆ ಇನ್ನೂ ಏರ್ತಿತ್ತು," ಎಂದ ಲೋಕನಾಥ. ಈ ವಾದವನ್ನು ಸೋಲಿಸುವುದು ದೇವರಿಗೂ ಕಷ್ಟ. ಮತ್ತೆ ಒಂದು ನಂಬರ್ ಕಡಿಮೆಯದೇ ಬಂತು.

ಅದೇ ವಾರ ಕ್ಲಾಸ್ ಟೀಚರ್ ಮೈಥಿಲಿಯನ್ನು ಕರೆಸಿದಳು. "ಮಕ್ಕಳು ಕೈ ಬೀಸಿದ್ರೆ ಇವಳು ನೋಡದ ಹಾಗೆ ಹೋಗ್ತಾಳೆ. ಜಂಬ ಅಂದ್ಕೊಂಡಿದಾರೆ. ಈಗೀಗ ಯಾರೂ ಆಟಕ್ಕೆ ಕರೆಯಲ್ಲ."

ಮನೆಯ ದಾರಿಯಲ್ಲಿ ಮೈಥಿಲಿ ಗದರಿದಳು. "ಯಾಕೇ, ಮಾತಾಡ್ಸಿದ್ರೆ ಬಾಯಿ ಸವೆಯುತ್ತಾ?"

"ಯಾರೂ ಕೈ ಬೀಸೇ ಇಲ್ಲಮ್ಮ."

ಮೈಥಿಲಿ ಸೈಕಲ್ ನಿಲ್ಲಿಸಿದಳು. "ಆ ಬೇಲಿ ಹತ್ರ ಏನಿದೆ, ಹೇಳು."

ಸಮೀಕ್ಷಾ ಕಣ್ಣು ಕಿರಿದು ಮಾಡಿದಳು. "ಟ್ರೀ. ಚಿಕ್ಕದು."

ಬೇಲಿಯ ಬಳಿ ಕೈ ಎತ್ತಿ ನಗುತ್ತ ನಿಂತಿದ್ದವಳು ಆನ್ಯ.

ಮೈಥಿಲಿ ಮನೆಗೆ ಹೋಗದೆ ಅಂಗಡಿಗೇ ಹೋದಳು. ಸಂಜೆ ಸುದ್ದಿ ಕೇಳಿದ ಲೋಕನಾಥ ಊಟದ ತಟ್ಟೆ ಸರಿಸಿದ.

"ಪೂರ್ತಿ ನಂಬರಾ? ನಾಳೆ ಅವಳಿಗೂ ನನ್ನ ಗತಿ ಬಂದ್ರೆ?"

"ಗೊತ್ತಿಲ್ಲ ಕಣ್ರೀ."

"ಆಗ ನೀನೇ ಹೊಣೆ."

"ಆಗಲಿ," ಎಂದಳು. ಹೇಳಿದಷ್ಟು ಸುಲಭವಾಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಸ ಕನ್ನಡಕದ ಮೊದಲ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಸಮೀಕ್ಷಾ ಅಮ್ಮನ ಪಕ್ಕ ಕ್ಷಣ ನಿಂತಳು. ಅಂಗಳದ ಆ ತುದಿಯಲ್ಲಿ ಅವಳ ಕ್ಲಾಸಿನ ಹುಡುಗಿಯರು ಹಗ್ಗದಾಟ ಆಡುತ್ತಿದ್ದರು. ಅವಳು ಕೈ ಎತ್ತಿ ಬೀಸಿದಳು. ಅವರು ಒಬ್ಬರನ್ನೊಬ್ಬರು ನೋಡಿಕೊಂಡು ಆಟ ಮುಂದುವರಿಸಿದರು.

ಅಷ್ಟು ದೂರದ್ದೂ ಮಗಳಿಗೆ ಕಂಡಿತೆಂಬುದು, ಆ ಕೈ ಮೆಲ್ಲನೆ ಇಳಿದು ಚೀಲದ ಪಟ್ಟಿ ಹಿಡಿದಾಗ ಮೈಥಿಲಿಗೆ ತಿಳಿಯಿತು.