ಅರಿಸಿನದ ನೀರಿನ ಬಾಟಲಿ

ಆರನೆಯ ಬಾಟಲಿಯ ಮುಚ್ಚಳ ತಿರುಗಿಸಿದ ಕೂಡಲೇ ಶ್ಯಾಮಲ ಮುಖ ಹಿಂದಕ್ಕೆಳೆದುಕೊಂಡಳು. ಮಾಂಸ ಕೆಡದಂತೆ ಇಡುವ ಫಾರ್ಮಾಲಿನ್ನಿನ ಘಾಟಲ್ಲ ಇದು. ಆ ಘಾಟು ಅವಳಿಗೆ ಮನೆಯ ವಾಸನೆಯಷ್ಟೇ ರೂಢಿ. ಇದು ಸತ್ತ ಇಲಿಯ ನಾತ. ಹಳದಿ ನೀರಿನಲ್ಲಿ ಕಡಲೆಕಾಳಿನಷ್ಟು ಮಾಂಸದ ಚೂರು ಲೋಳೆಯಾಗಿ ತೇಲುತ್ತಿತ್ತು. ಚಿಮಟದಲ್ಲಿ ಹಿಡಿದರೆ ಬೆಂದ ಬೆಂಡೆಯಂತೆ ಜಾರಿ, ಹರಿದು ಬಂತು.

ಚೀಟಿಯಲ್ಲಿ ಬರೆದಿತ್ತು: ಪಿಳ್ಳಮ್ಮ, ಅರವತ್ತೆರಡು ವರ್ಷ, ಬೂದಿಕೋಟೆ. ಎಡಗೆನ್ನೆಯ ಒಳಗೆ ಹುಣ್ಣು. ಕ್ಯಾನ್ಸರೋ ಅಲ್ಲವೋ ನೋಡಿ.

ನೋಡುವುದೇನಿದೆ? ಕೊಳೆತ ಮಾಂಸ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಅದೇ ರೋಗವಾಗಿದ್ದರೆ ಈ ಹೆಂಗಸಿಗೆ ಕಾಯುವಷ್ಟು ದಿನಗಳೂ ಇಲ್ಲ.

ಕೈಗವಸು ಕಳಚಿ ಹೊರಗೆ ಬಂದಳು. ರಾಬರ್ಟ್‌ಸನ್‌ಪೇಟೆಯ ಅವಳ ಲ್ಯಾಬಿನ ಬೆಂಚಿನ ಒಂದು ತುದಿಗೆ ಪಿಳ್ಳಮ್ಮ. ಇನ್ನೊಂದು ತುದಿಗೆ, ಮೂಗಿಗೆ ಟವೆಲ್ ಒತ್ತಿಕೊಂಡು, ಮಗ ಮೂರ್ತಿ.

“ಬಾಟಲೀಲಿದ್ದ ಔಷಧಿ ಏನು ಮಾಡಿದಿರಿ?”

“ಚೆಲ್ಬುಟ್ಟೆ ಕಣಮ್ಮ,” ಎಂದಳು ಪಿಳ್ಳಮ್ಮ. “ಕಣ್ಣಲ್ಲಿ ನೀರು ಬರೋ ಅಂಗೆ ನಾರ್ತಿತ್ತು. ಎಷ್ಟಾದ್ರೂ ನನ್ ಮಾಂಸ ಅಲ್ವಾ? ಅರಿಸಿನದ ನೀರಾಕಿ ಗೂಡಲ್ಲಿ ಇಟ್ಟಿದ್ದೆ. ಇವ್ನಿಗೆ ಬಿಡುವಾಗಕ್ಕೆ ನಾಕು ದಿನ ಆಯ್ತು.”

ಗಾಯಕ್ಕೆ ಅರಿಸಿನ, ಕುಯ್ದು ತೆಗೆದ ಚೂರಿಗೂ ಅರಿಸಿನ. ಶ್ಯಾಮಲಳಿಗೆ ನಗಲೂ ಆಗಲಿಲ್ಲ.

“ಇದು ಕೊಳೆತುಹೋಗಿದೆ. ಇನ್ನೊಂದು ಚೂರು ತೆಗೆಸಬೇಕು.”

“ಆಗಲ್ಲ ಮೇಡಂ.” ಮೂರ್ತಿ ಎದ್ದ. “ಊರಿಗೆ ಬಂದಿದ್ದ ಹಲ್ಲಿನ ಕ್ಯಾಂಪು ಮುಗೀತು, ಚೂರು ತೆಗೆದ ಡಾಕ್ಟ್ರೂ ಹೊಂಟೋದ್ರು. ಇವಳ್ನ ಕರ್ಕೊಂಡು ಇನ್ನೆಲ್ಲಿ ಅಲೀಲಿ? ಬಸ್ಸಲ್ಲಿ ಪಕ್ಕದೋರು ಸೀಟು ಬಿಟ್ಟು ಎದ್ದೋದ್ರು, ಅಷ್ಟು ವಾಸ್ನೆ. ಏನೂ ಕಾಣಲಿಲ್ಲ ಅಂತ ಬರ್ಕೊಡಿ, ಸಾಕು. ಸುಳ್ಳೇನಲ್ವಲ್ಲ?”

ಆ ಮಾತು ಬಾಟಲಿಗಿಂತ ಕೆಟ್ಟದಾಗಿ ನಾರಿತು.

“ಲೇ, ಸುಮ್ಕಿರ್ಲಾ,” ಎಂದಳು ಪಿಳ್ಳಮ್ಮ. “ಇನ್ನೊಂದು ಚೂರು ತಾನೇ? ಬಾಯೇನು ಮನೇಲಿ ಬುಟ್ಟು ಬಂದಿದೀನಾ? ನೀನೇ ತಗೊಳಮ್ಮ.” ನಕ್ಕು ಬಾಯಿ ಅಗಲಿಸಿದಳು.

ವರ್ಷಗಟ್ಟಲೆ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿಟ್ಟ ಕೆನ್ನೆಯಲ್ಲಿ ಹೂಕೋಸಿನಂತೆ ಅರಳಿದ ಬಿಳಿ ಗಂಟು. ಸುತ್ತ ಕೀವು, ಕಂದು ಜೊಲ್ಲು. ಉಸಿರು ಬಂದು ಮುಖಕ್ಕೆ ಹೊಡೆಯಿತು. ಶ್ಯಾಮಲ ತನಗೇ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದಿದ್ದಳು.

ಪಿಳ್ಳಮ್ಮ ಬಾಯಿ ಮುಚ್ಚಿ ಸೆರಗು ಅಡ್ಡ ಹಿಡಿದಳು. “ಬುಡಮ್ಮ. ನನ್ ಸೊಸೇನೂ ಅಂಗೇ ಸರೀತಾಳೆ. ಮಗೀನ ಎತ್ಕೊಳ್ಳಕ್ಕೂ ಬುಡಲ್ಲ.”

ಶ್ಯಾಮಲ ಒಳಗೆ ಹೋಗಿ ನಿಂತಳು. ಹಲ್ಲಿನ ಡಾಕ್ಟರಿಕೆ ಓದುವಾಗಲೇ ಬಾಯಿ ಎಂದರೆ ಅವಳಿಗೆ ವಾಕರಿಕೆ. ಅದಕ್ಕೇ ಮೈಕ್ರೋಸ್ಕೋಪಿಗಿಡುವ ಗಾಜಿನ ಪಟ್ಟಿಯ ಮೇಲಿನ ಬಾಯಿಯನ್ನು ಆರಿಸಿಕೊಂಡಿದ್ದು: ಗುಲಾಬಿ, ನೇರಳೆ ಬಣ್ಣದ, ಉಸಿರಾಡದ, ನಗದ ಬಾಯಿ. ಹದಿನೆಂಟು ವರ್ಷಗಳಿಂದ ಜೀವವಿರುವ ಬಾಯಿಗೆ ಬೆರಳಿಟ್ಟಿರಲಿಲ್ಲ. ಸಿಂಕಿನ ಮೇಲಿನ ಕನ್ನಡಿ ನೋಡಿದಳು. ಅಂಗೈ ಇನ್ನೂ ಮೂಗಿನ ಮೇಲೇ ಇತ್ತು, ಥೇಟ್ ಮೂರ್ತಿಯ ಟವೆಲ್ಲಿನ ಹಾಗೆ.

ಕೈ ಇಳಿಸಿದಳು.

“ಮೇಡಂ, ಎರಡು ಗಂಟೆಗೆ ಬಸ್ಸೈತೆ,” ಮೂರ್ತಿ ಹೊರಗಿನಿಂದ ಕೂಗಿದ. “ಬರ್ದ್ರಾ?”

“ಕೂತಿರಿ.”

ಕೆಳಮಹಡಿಯ ಹಲ್ಲಿನ ಕ್ಲಿನಿಕ್ಕಿನ ಕುರ್ಚಿ ಮಧ್ಯಾಹ್ನ ಖಾಲಿ ಇರುತ್ತದೆ. ಮರಗಟ್ಟಿಸುವ ಇಂಜೆಕ್ಷನ್ನೂ ಅಲ್ಲೇ ಸಿಗುತ್ತದೆ. ಹೊಸ ಬಾಟಲಿಗೆ ಫಾರ್ಮಾಲಿನ್ ತುಂಬಿ ಪಿಳ್ಳಮ್ಮ ಎಂದು ಬರೆದಳು. ವಾಕರಿಕೆ ಹಾಗೇ ಇತ್ತು. ಬಳೆ ಬಿಚ್ಚಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯತೊಡಗಿದಳು.