ಮೂರು ಸೀಟಿಯ ನೀರು

ಮಸ್ಕಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಎಂಟು ವರ್ಷದ ದುರುಗಪ್ಪನಿಗೆ ನಾಲ್ಕು ದಿನದ ಕವಾಯತಿನಲ್ಲಿ ಒಂದು ಗುಟುಕು ನೀರೂ ಕೊಡಲಿಲ್ಲ. ಐದನೆಯ ದಿನ ಅವನು ಬಿಸಿಲಲ್ಲಿ ಬಿದ್ದ.

ಶಾಲೆಯಲ್ಲಿ ನೀರಿಗೇನೂ ಬರವಿರಲಿಲ್ಲ. ಅಂಬಿಗರ ಯಮನಮ್ಮ ಹಳ್ಳದ ಮರಳಲ್ಲಿ ತೋಡಿದ ವರತಿಯಿಂದ ದಿನಾ ನಾಲ್ಕು ಕೊಡ ತುಂಬಿ ತರುತ್ತಿದ್ದಳು. ಬರವಿದ್ದದ್ದು ಶಿಸ್ತಿಗೆ. ಅದಕ್ಕೇ ಹೆಡ್‌ಮಾಸ್ತರರು ನೀರು ಕುಡಿಯುವುದನ್ನೂ ಕವಾಯತು ಮಾಡಿದ್ದರು. ಮೊದಲ ಸೀಟಿಗೆ ಮಕ್ಕಳು ಬಗ್ಗಿ ಬೊಗಸೆ ಹಿಡಿಯಬೇಕು. ಎರಡನೆಯದಕ್ಕೆ ಯಮನಮ್ಮ ಚೊಂಬಿನಿಂದ ಹೊಯ್ಯುತ್ತ ಹೋಗಬೇಕು. ಮೂರನೆಯದಕ್ಕೆ ಎಲ್ಲರೂ ಬಾಯಿ ಒರೆಸಿಕೊಂಡು ನೆಟ್ಟಗೆ ನಿಲ್ಲಬೇಕು.

ಸಾಲು ಐದು, ಯಮನಮ್ಮ ಒಬ್ಬಳೇ. ಗೌಡರ ಮಕ್ಕಳ ಸಾಲಿನಿಂದ ಹೊರಟವಳು ಊರ ಹೊರಗಿನ ಕೇರಿಯ ಆರು ಮಕ್ಕಳ ಕಡೆಯ ಸಾಲಿಗೆ ಬರುವಷ್ಟರಲ್ಲಿ ಮೂರನೆಯ ಸೀಟಿ ಆಗಿರುತ್ತಿತ್ತು. ದುರುಗಪ್ಪನೂ ಸೇರಿ ಆರೂ ಮಕ್ಕಳು ಒಣಬಾಯಿ ಒರೆಸಿಕೊಂಡು ನಿಲ್ಲುತ್ತಿದ್ದವು. ಎಲ್ಲರಿಗಿಂತ ಅಚ್ಚುಕಟ್ಟಾಗಿ ಕುಡಿಯುತ್ತಿದ್ದವರು ಅವರೇ. ಅಂಗಿ ತೊಯ್ಯುತ್ತಿರಲಿಲ್ಲ, ನೆಲ ರಾಡಿಯಾಗುತ್ತಿರಲಿಲ್ಲ.

"ನೋಡ್ರಲೇ, ಕವಾಯತು ಅಂದ್ರ ಹಿಂಗಿರಬೇಕು!" ಎಂದು ಹೆಡ್‌ಮಾಸ್ತರರು ಮುಂದಿನ ಸಾಲಿನವರಿಗೆ ಬೈಯುತ್ತಿದ್ದರು.

ಬಿದ್ದ ದುರುಗಪ್ಪನ ಮುಖಕ್ಕೆ ಯಮನಮ್ಮ ಓಡಿಹೋಗಿ ನೀರು ಚಿಮುಕಿಸಿದಾಗ ಹೆಡ್‌ಮಾಸ್ತರರಿಗೆ ಕೆಟ್ಟ ಸಿಟ್ಟು ಬಂತು. ಸೀಟಿ ಇನ್ನೂ ಊದಿರಲಿಲ್ಲ.

"ಸರ, ನಾಳೆ ಕಡೀ ಸಾಲಿನಿಂದ ಸುರು ಮಾಡ್ಲೇನ್ರಿ?" ಎಂದು ಯಮನಮ್ಮ ಕೇಳಿದಳು.

"ಹುಚ್ಚಿ ಅದೀ ಏನ? ಆ ಚೊಂಬಿನ ನೀರು ಆಮ್ಯಾಲ ಗೌಡ್ರ ಮಕ್ಳು ಕುಡೀತಾರ?"

"ಚೊಂಬು ಯಾರಿಗೂ ಮುಟ್ಟಂಗಿಲ್ಲಲ್ರೀ. ನಾ ಮ್ಯಾಲಿಂದ ಹಾಕತೀನಿ."

"ಧಾರಿ ಮುಟ್ಟತೈತಲ್ಲ? ಧಾರಿ ಹಿಡಕೊಂಡು ಮೈಲಿಗಿ ಮ್ಯಾಲ ಏರತೈತಿ."

ಹುಟ್ಟಿದಾಗಿನಿಂದ ನೀರಿನ ಜೊತೆಗೇ ಬದುಕಿದ ಯಮನಮ್ಮ ಧಾರೆ ಕೆಳಗಿಳಿಯುವುದನ್ನಷ್ಟೇ ನೋಡಿದ್ದಳು. ಅದರ ಮೇಲೆ ಹತ್ತಿ ಬರುವಂಥದ್ದೂ ಇದೆಯೆಂಬುದು ಓದಿದವರಿಗೆ ಮಾತ್ರ ಗೊತ್ತಿದ್ದ ಸಂಗತಿ.

"ಹಂಗಾರ ಸೀಟಿ ಒಂದೀಟು ತಡದು ಊದ್ರಿ."

"ನಾಳೆ ಲಿಂಗಸುಗೂರಿಂದ ಸಾಹೇಬ್ರು ಬರಾಕತ್ತಾರ, ನಮ್ಮ ದೊರಿ ಆಲಾ ಹಜರತರ ಸಾಲಗಿರೆ, ಹುಟ್ಟಿದ ಹಬ್ಬದ ಕವಾಯತು ನೋಡಾಕ. ಅವ್ರಿಗೇನು ಹೊತ್ತು ಹೆಚ್ಚಾಗೇತೇನು?" ಎಂದು ಹೆಡ್‌ಮಾಸ್ತರರು ದನಿ ತಗ್ಗಿಸಿದರು. "ಬಿಸಲಾಗ ಎಲ್ಲಾ ಮಕ್ಳಿಗೂ ನೀರು ಕೊಡಬೇಕಂತ ಅವ್ರದೇ ಹುಕುಂ ಐತಿ. ಕೊಟ್ಟಂಗ ಕಾಣಬೇಕು. ಒಂದು ಖಾಲಿ ಚೊಂಬು ಇಡತೀನಿ. ಕಡೀ ಸಾಲಿಗೆ ಅದನ್ನ ಬಗ್ಗಿಸಿಕೋತ ಓಡು. ತುಂಬಿದ್ದಕ್ಕಿಂತ ಖಾಲಿ ಹಗರ ಇರತೈತಿ, ಲಗೂನ ಅಕ್ಕೈತಿ. ಇಲ್ಲಾಂದ್ರ ನಾಡಿದ್ದಿಂದ ಶಾಲಿ ಕಡೆ ಬರಬ್ಯಾಡ."

ಮರುದಿನ ಸಾಹೇಬರು ಛತ್ರಿಯ ನೆರಳಲ್ಲಿ ಕುಂತು ಶರಬತ್ತು ಕುಡಿದರು. ಅವರಿಗೆ ಸೀಟಿ ಬೇಕಾಗಲಿಲ್ಲ. ಮೈದಾನದಲ್ಲಿ ಮೊದಲ ಸೀಟಿ ಆಯಿತು, ಎರಡನೆಯದಾಯಿತು. ನಾಲ್ಕು ಸಾಲು ಮುಗಿಸಿದ ಯಮನಮ್ಮ ಖಾಲಿ ಚೊಂಬಿನ ಹತ್ತಿರ ಬಂದಳು. ನಿನ್ನೆ ಬಿದ್ದ ದುರುಗಪ್ಪ ಕಡೆಯ ಸಾಲಿನ ತುದಿಗೆ ಬೊಗಸೆ ಹಿಡಿದು ನಿಂತಿದ್ದ. ತುಟಿಗಳು ಒಡೆದು ಬೆಳ್ಳಗಾಗಿದ್ದವು. ಅವಳು ಖಾಲಿ ಚೊಂಬನ್ನು ಅಲ್ಲೇ ಬಿಟ್ಟು, ಕೈಯಲ್ಲಿದ್ದುದನ್ನೇ ಕೊಡದಲ್ಲಿ ಮುಳುಗಿಸಿ ತುಂಬಿಕೊಂಡು ಅವನ ಬೊಗಸೆಗೆ ಹೊಯ್ದಳು.

ಮೂರನೆಯ ಸೀಟಿ ಕೇಳಿತು. ರೂಢಿಯಾಗಿದ್ದ ಹುಡುಗ ಬಾಯಿ ಒರೆಸಲು ಕೈ ತೆಗೆಯಹೋದ.

"ಕುಡಿಯೋ ನಮ್ಮಪ್ಪ, ಕುಡಿ."

ಹೆಡ್‌ಮಾಸ್ತರರು ಪಂಚೆ ಎತ್ತಿಕೊಂಡು ಓಡಿಬಂದರು.

"ಏ ಯಮನಮ್ಮ, ಸೀಟಿ ಕೇಳಲಿಲ್ಲೇನು?"

"ಕೇಳ್ತರೀ."

"ಮತ್ತ ಚೊಂಬು ಇಳಸು! ಸಾಹೇಬ್ರು ನೋಡಾಕತ್ತಾರ."

ಎರಡನೆಯ ಬೊಗಸೆಯ ಕಡೆ ಸರಿಯುತ್ತ ಯಮನಮ್ಮ ಅಂದಳು:

"ಇಳಸಂಗಿಲ್ರೀ. ಇನ್ನ ಐದು ಮಂದಿ ಅದಾರ."