ಬೂಮದೆಲೆಯ ಮುಂದೆ ಹಾಜರಿ

ನಂಬಿ, ಬಿಡಿ, ಇದು ನಡೆದದ್ದು. ಕೊರಮರ ಕೇರಿಯಲ್ಲಿ ಹುಟ್ಟಿದವನು ಹುಟ್ಟಾ ಕಳ್ಳನೆಂದು ಸರ್ಕಾರವೇ ತೀರ್ಮಾನಿಸಿದ್ದ ಕಾಲ. ನಂಜನಗೂಡಿನ ಕಡೆಯ ಚಿಕ್ಕಸ್ವಾಮಿ ಬುಟ್ಟಿ ಹೆಣೆಯುವವನು; ಕದ್ದದ್ದೆಂದರೆ ಕೆಲಸದ ನಡುವೆ ಒಂದಿಷ್ಟು ನಿದ್ದೆ. ಆದರೂ ಮೀಸೆ ಮೂಡುವ ಮೊದಲಿನಿಂದ ಬೆಳಿಗ್ಗೆ ಸಂಜೆ ಚಾವಡಿಯ ಮುಂದೆ ಕೈಕಟ್ಟಿ ನಿಂತು ದಫೇದಾರನ ಹಾಜರಿ ಕೂಗಿಗೆ ಓಗೊಡಬೇಕು. ಊರು ದಾಟಲು ಅವನ ಅಪ್ಪಣೆ ಬೇಕು.

ನರಸೀಪುರದ ಕಡೆ ಹೆಣ್ಣು ಗೊತ್ತಾಯಿತು. ದಫೇದಾರನ ಮನೆಗೆ ಮೊರ, ಕುಕ್ಕೆ, ಕೋಳಿಗೂಡು ಹೊತ್ತುಹಾಕಿದ ಮೇಲೆ ಮದುವೆಯ ಮಟ್ಟಿಗೆ ಬಿಡುವು ಸಿಕ್ಕಿತು.

"ಅವ್ವಾ, ನಾಳೀಕೆ ಯಾರ್ಗೂ ಕೈಕಟ್ಟಿ ನಿಲ್ಲಾಕಿಲ್ಲ ಕಣವ್ವ. ಒಂದಿನ ಮದುಮಗ್ನಾಗಿ ಕುಂತಿರ್ತೀನಿ."

"ಕುಂತ್ಕೊ ಮಗ," ಎಂದಳು ಮಲ್ಲಾಜಮ್ಮ. "ಉಟ್ಟಿದಾಗ್ನಿಂದ ನಿಂತಿದ್ದೇ ಆಯ್ತು."

ತಾಳಿ ಕಟ್ಟಿದ್ದಾಯಿತು. ಬೂಮದ ಊಟಕ್ಕೆ ಗಂಡು ಹೆಣ್ಣು ಒಂದೇ ಎಲೆಗೆ ಕೂತರು. ಹೆಂಡತಿಯ ಬಾಯಿಗೆ ತುತ್ತಿಡುವ ಮುಂಚೆ ಮದುಮಗನನ್ನು ಹೇಗಾದರೂ ಎಬ್ಬಿಸಿದರೆ ಹೆಣ್ಣಿನ ಕಡೆಯವರು ಗೆದ್ದ ಹಾಗೆ.

"ಆವು! ಆವು!" ಎಂದರು. ಚಿಕ್ಕಸ್ವಾಮಿ ಅಲುಗಲಿಲ್ಲ. "ನಿಮ್ಮತ್ತೆ ಬಾವಿಗೆ ಬಿದ್ಲು!"

"ಈಜ್ಕೊಂಡ್ ಬರ್ಲಿ ಬುಡಿ," ಎಂದ. ಹೊಸ ಹೆಂಡತಿ ಗುರುಸಿದ್ದಮ್ಮ ಮುಖ ಬಗ್ಗಿಸಿ ಕಿಸಕ್ಕೆಂದಳು. ಅವನಿಗೆ ಹಾಯೆನಿಸಿತು. ತುತ್ತು ಕಲೆಸಿ ಕೈಯೆತ್ತಿದ.

ಅವಳ ತಮ್ಮ ಚಾಮಯ್ಯ ಕತ್ತೆಯಿಂದ ಹಿಡಿದು ಶಾನುಭೋಗರವರೆಗೆ ಎಲ್ಲರ ದನಿ ತೆಗೆಯುವ ಭೂಪ. ನಂಟಸ್ತನ ಮಾತಾಡಲು ನಂಜನಗೂಡಿಗೆ ಹೋದಾಗ ಚಾವಡಿಯ ಹಾಜರಿಯನ್ನೂ ಕಂಡುಬಂದಿದ್ದ. ಮೆಲ್ಲಗೆ ಚಪ್ಪರದ ಹಿಂದೆ ಸರಿದ. ಮೊದಲು ಒಣಕೆಮ್ಮು. ಆಮೇಲೆ ಕಲ್ಲಿಗೆ ದೊಣ್ಣೆ ಕುಟ್ಟಿದ ಸದ್ದು.

"ಚಿಕ್ಕ! ಎಲ್ ಸತ್ಯೋ?"

ಮದುಮಗ ಎದ್ದು ನಿಂತಿದ್ದ. ತುತ್ತು ನೆಲಕ್ಕೆ ಬಿದ್ದಿತ್ತು, ಎಂಜಲು ಕೈಗಳು ಎದೆಗೆ ಕಟ್ಟಿಕೊಂಡಿದ್ದವು. "ಇವ್ನಿ ಬುದ್ದಿ," ಎಂದು ಬಾಯಿ ತಾನಾಗಿ ಹೇಳಿತ್ತು. ಅವನ ಹಿಂದೆ ಗಂಡಿನ ಕಡೆಯ ಹುಡುಗರೂ ಸಾಲಾಗಿ ಎದ್ದು ನಿಂತಿದ್ದರು.

"ಗೆದ್ವಿ ಬಾವಾ!" ಚಾಮಯ್ಯ ಕುಣಿಯುತ್ತ ಬಂದ. ಚಪ್ಪರವೆಲ್ಲ ಹೋ ಎಂದಿತು. ಮಲ್ಲಾಜಮ್ಮ ಮಾತ್ರ ಬೇರೆ ಕಡೆ ನೋಡಿದಳು.

ಕೈ ಬಿಚ್ಚಬೇಕು, ಬರಲೊಲ್ಲದು. ಗುರುಸಿದ್ದಮ್ಮ ನಗು ನಿಲ್ಲಿಸಿ ಆ ಕೈಗಳನ್ನೇ ನೋಡುತ್ತಿದ್ದಳು. ಅವಳು ಏನಾದರೂ ಕೇಳಿಬಿಟ್ಟಾಳೆಂದು ಚಿಕ್ಕಸ್ವಾಮಿ ನಕ್ಕ.

"ಭಲೇ ಕಣ್ಲಾ ಚಾಮ! ಕೆಮ್ಮೂ ದಫೇದಾರನ್ದೇ ಕಣ್ಲಾ!"

ಅವಳು ಪಂಚೆಯ ಅಂಚು ಜಗ್ಗಿದಳು. "ಕುಂತ್ಕಳಿ."

ಅವನು ನಿಂತೇ ಇದ್ದ. ಉಳಿದವರ ನಗು ಇಳಿಯುತ್ತ ಬಂತು. ಅವನದು ಮಾತ್ರ ಏರುತ್ತಲೇ ಹೋಯಿತು.